ಬರೆದಿದ್ರೆ ಮಾತ್ರ ಹಕ್ಕಾ?

ಪ್ರಶ್ನೆ: ಮೇಡಂ, ನಾನು ಲಾ ಸ್ಟೂಡೆಂಟ್. ಅಮೆರಿಕದಲ್ಲಿ ಸುಮಾರು ಐವತ್ತು ವರ್ಷ ಇದ್ದ ಅಬಾರ್ಷನ್ ಹಕ್ಕು 2022ರಲ್ಲಿ ಒಂದೇ ತೀರ್ಪಿಗೆ ಹೋಯ್ತು, ಫ್ರಾನ್ಸ್‌ನವರು 2024ರಲ್ಲಿ ಸಂವಿಧಾನದಲ್ಲೇ ಬರ್ಕೊಂಡ್ರು. ನಮ್ಮ ಸಂವಿಧಾನದಲ್ಲಿ ಆ ಪದಾನೇ ಇಲ್ಲ. ನಮ್ದೂ ಹೋಗ್ಬಹುದಾ?

ಉತ್ತರ: ನಿಮ್ಮ ಭಯ ಸುಳ್ಳಲ್ಲ. ಅಲ್ಲಿ ಆ ಹಕ್ಕು ಕೊಟ್ಟಿದ್ದ ಸುಪ್ರೀಂ ಕೋರ್ಟಿನ 1973ರ ರೋ ತೀರ್ಪು ನಿಂತಿದ್ದು ಅವರ ಸಂವಿಧಾನದ 14ನೇ ತಿದ್ದುಪಡಿಯ 'ಲಿಬರ್ಟಿ' (ಸ್ವಾತಂತ್ರ್ಯ) ಅನ್ನೋ ಪದದ ಮೇಲೆ, ಅದ್ರೊಳಗೆ ಪ್ರೈವೆಸಿ ಇದೆ, ಪ್ರೈವೆಸಿಯೊಳಗೆ ಇದೂ ಇದೆ ಅಂತ ಆಗಿನ ಜಡ್ಜ್‌ಗಳು ಓದಿದ್ರು, 2022ರಲ್ಲಿ ಕೂತಿದ್ದೋರು ಇಲ್ಲ ಅಂದ್ರು, ಸಂವಿಧಾನದ ಒಂದಕ್ಷರಾನೂ ಬದಲಾಗ್ಲಿಲ್ಲ. ಅದಕ್ಕೇ ಮಿಷಿಗನ್ ಜನ ಅದೇ ನವೆಂಬರ್‌ನಲ್ಲಿ ವೋಟ್ ಹಾಕಿ ತಮ್ಮ ರಾಜ್ಯದ ಸಂವಿಧಾನದಲ್ಲಿ ನೇರವಾಗಿ ಬರೆಸ್ಕೊಂಡ್ರು.

ನಮ್ಮಲ್ಲೂ ಇದು ಜೀವ ಮತ್ತು ವೈಯಕ್ತಿಕ ಸ್ವಾತಂತ್ರ್ಯದ ಹಕ್ಕು ಕೊಡೋ 21ನೇ ವಿಧಿಯೊಳಗಿಂದ ಓದಿ ತೆಗೆದಿದ್ದೇ. ಮಗು ಬೇಕಾ ಬೇಡ್ವಾ ಅನ್ನೋ ಆಯ್ಕೆ ಹೆಣ್ಣಿನ ವೈಯಕ್ತಿಕ ಸ್ವಾತಂತ್ರ್ಯದ ಭಾಗ ಅಂತ 2009ರಲ್ಲಿ ಸುಚಿತಾ ಶ್ರೀವಾಸ್ತವ ಕೇಸಲ್ಲಿ ಸುಪ್ರೀಂ ಕೋರ್ಟ್ ಹೇಳ್ತು. ಆಮೇಲೆ 2017ರಲ್ಲಿ ನಮ್ಮ ಹೈಕೋರ್ಟಿನ ನಿವೃತ್ತ ಜಡ್ಜ್ ಪುಟ್ಟಸ್ವಾಮಿಯವರು ಹಾಕಿದ್ದ ಕೇಸಲ್ಲಿ ಒಂಬತ್ತೂ ಜನ ಜಡ್ಜ್‌ಗಳು ಪ್ರೈವೆಸಿ ಮೂಲಭೂತ ಹಕ್ಕು ಅಂದ್ರಲ್ಲ, ಅದನ್ನ ಕೆಡವ್ಬೇಕು ಅಂದ್ರೆ ಇನ್ನೂ ದೊಡ್ಡ ಪೀಠ ಕೂರ್ಬೇಕು.

ಬರೆದ್ರೆ ಎಲ್ಲಾ ಸರಿಹೋಗುತ್ತೆ ಅಂತಾನೂ ಅನ್ಕೋಬೇಡಿ, ಏನು ಬರೀತೀವಿ ಅನ್ನೋದು ಮುಖ್ಯ. ಐರ್ಲೆಂಡ್ 1983ರಲ್ಲಿ ತಾಯಿಗಿರೋಷ್ಟೇ ಬದುಕೋ ಹಕ್ಕು ಹೊಟ್ಟೇಲಿರೋ ಮಗುಗೂ ಇದೆ ಅಂತ ಸ್ಪಷ್ಟವಾಗಿ ಬರೀತು. 2012ರಲ್ಲಿ ನಮ್ಮ ಬೆಳಗಾವಿಯ ಹುಡುಗಿ, ಡೆಂಟಿಸ್ಟ್ ಸವಿತಾ ಹಾಲಪ್ಪನವರ್ ಗಾಲ್ವೇ ಆಸ್ಪತ್ರೇಲಿ ಮಲಗಿದ್ರು, ಹದಿನೇಳು ವಾರ, ಗರ್ಭ ಉಳಿಯಲ್ಲ ಅಂತ ಗೊತ್ತಾಗಿತ್ತು, ತೆಗೆದ್ಬಿಡಿ ಅಂತ ಕೇಳಿದ್ರು, ಮಗುವಿನ ಎದೆಬಡಿತ ಇನ್ನೂ ಇದೆ ಅಂತ ತೆಗೀಲಿಲ್ಲ, ಸೋಂಕು ರಕ್ತಕ್ಕೇರಿ ಹೋಗ್ಬಿಟ್ರು. ಮೂವತ್ತೊಂದು ವರ್ಷ ಅಷ್ಟೇ. ನನಗೆ ಇವತ್ತಿಗೂ ಇದನ್ನ ಬರಿಯೋವಾಗ ಸಂಕಟ ಆಗುತ್ತೆ. 2018ರಲ್ಲಿ ಜನ ವೋಟ್ ಹಾಕಿ ಆ ಸಾಲನ್ನ ಕಿತ್ತುಹಾಕಿದ್ರು, ಈಗ ಅಲ್ಲಿನ ಸಂವಿಧಾನದಲ್ಲಿ ಇರೋದು ಹಕ್ಕಲ್ಲ, ಇದಕ್ಕೆ ಕಾನೂನು ಮಾಡ್ಬಹುದು ಅನ್ನೋ ಮಾತು.

ನಮ್ಮಲ್ಲಿ ನನಗೆ ಚಿಂತೆ ಇರೋದು 21ನೇ ವಿಧಿ ಬಗ್ಗೆ ಅಲ್ಲ, ಅಬಾರ್ಷನ್ ಯಾವಾಗ ಮಾಡ್ಬಹುದು ಅಂತ ಹೇಳೋ 1971ರ ಎಂಟಿಪಿ (ವೈದ್ಯಕೀಯ ಗರ್ಭಪಾತ) ಕಾಯ್ದೆ ಬಗ್ಗೆ. ಹೆಣ್ಣು ಬೇಡ ಅಂದ್ರೆ ಸಾಲದು, 20 ವಾರದ ತನಕ ಒಬ್ಬ ಡಾಕ್ಟರ್, ಕೆಲವರಿಗೆ 24ರ ತನಕ ಇಬ್ಬರು ಡಾಕ್ಟರ್ ಒಪ್ಬೇಕು. ಹದಿನೆಂಟು ದಾಟಿದೋಳಿಗೆ ಅವಳ ಸೈನ್ ಒಂದೇ ಸಾಕು ಅಂತ ಕಾಯ್ದೇಲೇ ಇದೆ, ಆದ್ರೂ ಕನ್ಸೆಂಟ್ ಫಾರ್ಮ್ ವಾಪಸ್ ತಳ್ಳಿ "ಯಜಮಾನ್ರು ಬಂದಿಲ್ವಾ?" ಅಂತ ಕೇಳೋರು ಇದಾರೆ. ಐರ್ಲೆಂಡಲ್ಲೀಗ 12 ವಾರದ ತನಕ ಕಾರಣ ಕೇಳಲ್ಲ. ನಮ್ಮ ಕಾಯ್ದೇಲೂ ಅಷ್ಟಾದ್ರೂ ಬರೀಲಿ ಅಂತ ನಾನು ಹೇಳ್ತಾನೇ ಇದೀನಿ.