ಗೆಳತಿಗೆ ತಿಳಿಸದೆ ಇಟ್ಟ ಪರೀಕ್ಷೆ

ಓದುಗರೊಬ್ಬರ ಪತ್ರ: “ಹನ್ನೆರಡು ವರ್ಷದ ಗೆಳತಿ. ಫೋನ್ ಮಾಡುವವಳು ಯಾವಾಗಲೂ ನಾನೇ. ಅವಳಾಗಿ ಮಾಡುತ್ತಾಳೋ ನೋಡೋಣ ಎಂದು ಮೂರು ತಿಂಗಳಿಂದ ಸುಮ್ಮನಿದ್ದೇನೆ. ಒಂದು ಕರೆಯೂ ಬಂದಿಲ್ಲ. ಇದನ್ನು ಗೆಳೆತನ ಎನ್ನಬಹುದೇ? ಮನೆ ತುಂಬ ಜನರಿರುವಾಗ ಗೆಳೆಯರಾದರೂ ಯಾಕೆ ಬೇಕು?”

ಸಂಪಾದಕರ ಉತ್ತರ: ಎರಡನೆಯ ಪ್ರಶ್ನೆ ಸುಲಭದ್ದು, ಅದನ್ನು ಮೊದಲು ಮುಗಿಸೋಣ. ಅಮೆರಿಕದ ಮನಶ್ಶಾಸ್ತ್ರಜ್ಞೆ ಜೂಲಿಯಾನ್ ಹೋಲ್ಟ್-ಲನ್‌ಸ್ಟಡ್ ಮತ್ತು ಸಂಗಡಿಗರು 2010ರಲ್ಲಿ 148 ಅಧ್ಯಯನಗಳನ್ನು ಒಟ್ಟಿಗಿಟ್ಟು ನೋಡಿದರು. ಮೂರು ಲಕ್ಷಕ್ಕೂ ಮಿಕ್ಕ ಜನರ ವಿವರ ಅವುಗಳಲ್ಲಿತ್ತು. ಒಡನಾಟ ಗಟ್ಟಿಯಾಗಿದ್ದವರು ಬದುಕುಳಿಯುವ ಸಂಭವ ಶೇ. 50ರಷ್ಟು ಹೆಚ್ಚೆಂದು ಕಂಡಿತು. ಆ ಒಡನಾಟದಲ್ಲಿ ಮನೆಯವರೂ ಸೇರಿದ್ದಾರೆ, ನಿಜ. ಆದರೆ ಮನೆಯವರ ಬಗ್ಗೆಯೇ ಏನಾದರೂ ತೋಡಿಕೊಳ್ಳಬೇಕು ಅನ್ನಿಸಿದ ದಿನ ನೀವು ಯಾರ ಹತ್ತಿರ ಹೋಗುತ್ತೀರಿ?

ಇನ್ನು ನಿಮ್ಮ ಮೂರು ತಿಂಗಳ ಮೌನ. ಪರೀಕ್ಷೆ ನಡೆಯುತ್ತಿದೆ ಎಂಬುದೇ ಗೊತ್ತಿಲ್ಲದವಳನ್ನು ನೀವು ಫೇಲು ಮಾಡಿದ್ದೀರಿ. ಹನ್ನೆರಡು ವರ್ಷ ನೀವೇ ಕರೆ ಮಾಡಿದ್ದರಿಂದ ‘ಮಾಡುವವಳು ಅವಳು, ಮಾತಾಡುವವಳು ನಾನು’ ಎಂಬ ರೂಢಿ ಆಕೆಯಲ್ಲಿ ಬೇರೂರಿರಬಹುದು. ನೀವು ನಿಲ್ಲಿಸಿದ್ದನ್ನು ಆಕೆ ಮುನಿಸೆಂದೋ ಬಿಡುವಿಲ್ಲದ್ದೆಂದೋ ತಿಳಿದಿರಲಿಕ್ಕೂ ಸಾಕು. ಈ ಪರೀಕ್ಷೆಯ ದೊಡ್ಡ ದೋಷ ಅದೇ: ಉತ್ತರ ಏನೇ ಬಂದರೂ ಅದರ ಅರ್ಥವೇನೆಂದು ತಿಳಿಯುವುದಿಲ್ಲ.

ಯಾರು ಮೊದಲು ಕರೆದರು ಎಂಬುದಕ್ಕಿಂತ, ಕರೆ ಎತ್ತಿದ ಮೇಲೆ ಏನಾಗುತ್ತದೆ ನೋಡಿ. ಹೋದ ಸಲ ನೀವು ಹೇಳಿದ್ದು ಆಕೆಗೆ ನೆನಪಿರುತ್ತದೆಯೇ? ತನ್ನ ಗೋಳು ಮುಗಿದ ಮೇಲಾದರೂ ‘ನಿನ್ನದೇನು?’ ಎನ್ನುತ್ತಾಳೆಯೇ? ನೀವು ‘ಆಗಲ್ಲ’ ಎಂದರೆ ಮುಖ ಊದಿಸದೆ ಒಪ್ಪುತ್ತಾಳೆಯೇ? ಎಲ್ಲಕ್ಕಿಂತ ಮುಖ್ಯವಾಗಿ, ನಿಮ್ಮ ಒಳ್ಳೆಯ ಸುದ್ದಿಯನ್ನು ಹೇಗೆ ತೆಗೆದುಕೊಳ್ಳುತ್ತಾಳೆ? ಕಷ್ಟಕ್ಕೆ ‘ಅಯ್ಯೋ’ ಎನ್ನುವವರು ಹಲವರು ಸಿಗುತ್ತಾರೆ. ಬಡ್ತಿ ಸಿಕ್ಕಿತು ಎಂದಾಗ ‘ಹೌದಾ, ಹೇಗಾಯ್ತು, ಪೂರ್ತಿ ಹೇಳು’ ಎನ್ನುವವರು ಕಡಿಮೆ. ‘ಒಳ್ಳೇದಾಯ್ತು ಬಿಡು’ ಎಂದು ಮಾತು ತಿರುಗಿಸಿದರೆ, ಅದೂ ಮತ್ತೆ ಮತ್ತೆ ಹಾಗೇ ಆದರೆ, ನಂಟು ಒಳಗಿಂದ ಸವೆಯುತ್ತದೆ. ಇನ್ನೊಂದು ಅಪಾಯ ತೀರಾ ಆಪ್ತರಲ್ಲೇ ಹೆಚ್ಚು: ಒಂದೇ ನೋವನ್ನು ಪ್ರತಿ ಕರೆಯಲ್ಲೂ ಕೆದಕುವುದು. ಅದರಿಂದ ಆಪ್ತತೆ ಬೆಳೆದೀತು, ಕಳವಳವೂ ಜೊತೆಗೇ ಬೆಳೆಯುತ್ತದೆ. ಒಂದಿಷ್ಟು ಹೊತ್ತು ಅತ್ತ ಮೇಲೆ ‘ಈಗ ಏನು ಮಾಡೋಣ?’ ಎನ್ನುವವರೊಬ್ಬರು ಬೇಕು.

ಈಗ ಮಾಡಬೇಕಾದದ್ದು. ಆಕೆಗೆ ಎರಡೇ ಸಾಲಿನ ಸಂದೇಶ ಕಳಿಸಿ: ‘ನಿನ್ನ ನೆನಪಾಯ್ತು. ಭಾನುವಾರ ಸಂಜೆ ಆರಕ್ಕೆ ಅರ್ಧ ಗಂಟೆ ಮಾತಾಡೋಣವಾ?’ ದಿನ, ಹೊತ್ತು, ಎಷ್ಟು ಹೊತ್ತು, ಮೂರೂ ಇರಲಿ. ‘ಯಾವಾಗಾದ್ರೂ ಸಿಗೋಣ’ ಎಂದರೆ ಯಾರೂ ಸಿಗುವುದಿಲ್ಲ. ಸಂಕೋಚ ಬೇಡ. ಹೀಗೆ ಅನಿರೀಕ್ಷಿತವಾಗಿ ವಿಚಾರಿಸಿದಾಗ ಎದುರಿನವರಿಗೆ ಆಗುವ ಸಂತೋಷ ನಾವು ಊಹಿಸಿದ್ದಕ್ಕಿಂತ ಹೆಚ್ಚೆಂದು 2022ರ ಸಂಶೋಧನೆಯೊಂದು ತೋರಿಸಿದೆ. ಮೊದಲ ಕರೆಯಲ್ಲಿ ದೂರು ತೆಗೆಯಬೇಡಿ. ಎರಡನೆಯದರಲ್ಲೋ ಮೂರನೆಯದರಲ್ಲೋ ‘ನೀನು ಯಾವತ್ತೂ ಫೋನೇ ಮಾಡಲ್ಲ’ ಎನ್ನುವ ಬದಲು ‘ಒಮ್ಮೊಮ್ಮೆ ನೀನೇ ಮಾಡಿದ್ರೆ ನನಗೆ ತುಂಬ ಖುಷಿಯಾಗುತ್ತೆ’ ಅನ್ನಿ. ಇನ್ನೂ ಮೇಲೆಂದರೆ ತಿಂಗಳಿಗೊಂದು ದಿನ ಗೊತ್ತುಮಾಡಿಕೊಳ್ಳುವುದು. ಆಗ ಯಾರು ಮೊದಲು ಎಂಬ ಪ್ರಶ್ನೆಯೇ ಏಳುವುದಿಲ್ಲ.

ಆಮೇಲೂ ಏನೂ ಬದಲಾಗದಿದ್ದರೆ? ಗುಟ್ಟು ಹೊರಗೆ ಹಾಕುವುದು, ನಾಲ್ಕು ಜನರೆದುರು ಹಂಗಿಸುವುದು, ಬೇರೆ ಗೆಳೆಯರಿಂದ ದೂರ ಮಾಡುವುದು ಇದ್ದರೆ ಬಿಟ್ಟುಬಿಡಿ. ಬರೀ ಸೋಮಾರಿತನವಾದರೆ ಬಿಡಬೇಕಿಲ್ಲ, ಜಾಗ ಬದಲಿಸಿದರೆ ಸಾಕು. ಗೆಳೆತನದ ಬಗ್ಗೆ ಅಧ್ಯಯನ ಮಾಡಿದ ಬ್ರಿಟಿಷ್ ಮನಶ್ಶಾಸ್ತ್ರಜ್ಞ ರಾಬಿನ್ ಡನ್‌ಬಾರ್ ಲೆಕ್ಕದಲ್ಲಿ ತೀರಾ ಹತ್ತಿರದ ಬಳಗ ಸುಮಾರು 5 ಜನರದ್ದು, ಅದನ್ನೂ ಸೇರಿಸಿ ಮುಂದಿನ ಸುತ್ತು 15ರದ್ದು, ಆಮೇಲೆ 50. ಮೊದಲಿನವರೊಂದಿಗೆ ವಾರಕ್ಕೊಮ್ಮೆಯಾದರೂ ಮಾತು, ಎರಡನೆಯವರೊಂದಿಗೆ ತಿಂಗಳಿಗೊಮ್ಮೆ, ಮೂರನೆಯವರೊಂದಿಗೆ ಆರು ತಿಂಗಳಿಗೊಮ್ಮೆ. ಈಕೆ ಮೂರನೆಯ ಸುತ್ತಿನಲ್ಲಿ ಸುಖವಾಗಿ ಇರಬಲ್ಲಳು.

ತೆರವಾದ ಜಾಗಕ್ಕೆ ಹೊಸಬರನ್ನು ಹುಡುಕುವಾಗ ಅವಸರ ಬೇಡ. ಅಮೆರಿಕದ ಸಂವಹನ ಸಂಶೋಧಕ ಜೆಫ್ರಿ ಹಾಲ್ ಅವರ ಅಂದಾಜಿನಂತೆ ಪರಿಚಯ ಸಲಿಗೆಯಾಗಲು ಸುಮಾರು 50 ಗಂಟೆ, ಗೆಳೆತನವಾಗಲು 90, ಆಪ್ತತೆಗೆ 200ಕ್ಕೂ ಹೆಚ್ಚು ಗಂಟೆಗಳ ಒಡನಾಟ ಬೇಕು. ಅಕ್ಕಪಕ್ಕ ಕೂತು ಕೆಲಸ ಮಾಡಿದ ಹೊತ್ತು ಇದಕ್ಕೆ ಅಷ್ಟಾಗಿ ಜಮೆಯಾಗುವುದಿಲ್ಲ. ವಾರಕ್ಕೆರಡು ಗಂಟೆ ಎಂದುಕೊಂಡರೂ 200 ತಲುಪಲು ಎರಡು ವರ್ಷ. ಭಾನುವಾರದ ಸಂದೇಶಕ್ಕೆ ಬೇಕಾದದ್ದು ಎರಡು ನಿಮಿಷ.