ಕುಮಟಾ ಈರುಳ್ಳಿ ಇದ್ದರೆ ಪಾಸ್ತಾಗೆ ಸಾಸ್ ಬಾಟಲಿ ಬೇಡ

ಮೈದಾ ಇಲ್ಲದ ಇಡೀ ಗೋಧಿಯ ಪಾಸ್ತಾವನ್ನು ತರಕಾರಿ ಹಾಕಿ ಸರಳವಾಗಿ ಮಾಡುವುದು ಹೇಗೆ, ಕಾರವಾರದಲ್ಲಿ ಸಿಗುವ ಸಾಮಾನಿನಲ್ಲೇ ಆಗುತ್ತದಾ ಅಂತ ಕೇಳಿದ್ದೀರಿ. ಖಂಡಿತ ಆಗುತ್ತದೆ. ನಾನಿರುವುದು ಕುಮಟಾದಲ್ಲಿ, ವಾರಕ್ಕೊಮ್ಮೆ ಮಾಡುತ್ತೇನೆ, ಆಯಿಗೂ ಇದು ಇಷ್ಟ.

ಮೊದಲು ಪ್ಯಾಕೆಟ್ ಹಿಂದೆ ಬರೆದದ್ದನ್ನು ಓದಿ. ಬರೀ 'ಡ್ಯೂರಮ್ ವೀಟ್ ಸೆಮೊಲಿನಾ' ಅಂತಿದ್ದರೆ ಅದು ಮೈದಾ ಅಲ್ಲ ನಿಜ, ಆದರೆ ಇಡೀ ಗೋಧಿಯೂ ಅಲ್ಲ, ತೌಡು ತೆಗೆದ ರವೆ. 'ಹೋಲ್ ವೀಟ್' ಅಂತ ಇರಬೇಕು. ಇಟಲಿಯಿಂದ ಬಂದದ್ದಾದರೆ 'ಇಂತೆಗ್ರಾಲೆ' ಅಂತಿರುತ್ತದೆ.

ಇಡೀ ಗೋಧಿಯ ಪಾಸ್ತಾಗೆ ತೌಡಿನ ಸಣ್ಣ ಕಹಿ ಇರುತ್ತದೆ. ತುಂಬಾ ಜನ ಒಂದು ಸಲ ಮಾಡಿ ಬಿಟ್ಟುಬಿಡುವುದು ಇದಕ್ಕೇ. ಆ ಕಹಿಗೆ ಜೊತೆಯಾಗಿ ಏನಾದರೂ ಸಿಹಿ ಬೇಕು, ಅದು ನಮ್ಮೂರಲ್ಲೇ ಇದೆ. ಬೇಸಿಗೆಯಲ್ಲಿ ಅಳ್ವೆಕೋಡಿ, ಹಂದಿಗೋಣದ ಹತ್ತಿರ ಹೆದ್ದಾರಿ ಬದಿಗೆ ಗೊಂಚಲು ಗೊಂಚಲಾಗಿ ತೂಗು ಹಾಕಿರುತ್ತಾರಲ್ಲ, ಆ ಸಿಹಿ ಈರುಳ್ಳಿ! ದಕ್ಷಿಣ ಇಟಲಿಯ ಕಲಾಬ್ರಿಯಾದಲ್ಲಿ ತ್ರೊಪೆಯಾ ಅಂತ ಒಂದು ಕಡಲೂರಿದೆ, ಅಲ್ಲಿಯ ಕೆಂಪು ಈರುಳ್ಳಿಯೂ ಹೀಗೇ ಸಿಹಿ, ಅವರೂ ಜಡೆ ಹೆಣೆದು ಮಾರುತ್ತಾರೆ, ಪಾಸ್ತಾಗೂ ಹಾಕುತ್ತಾರೆ. ಹಾಗಾಗಿ ಇದು ನನ್ನ ಹೊಸ ಕಲ್ಪನೆಯೇನಲ್ಲ.

ಇಬ್ಬರಿಗೆ ಎರಡು ದೊಡ್ಡ ಈರುಳ್ಳಿ ತೆಳ್ಳಗೆ ಹೆಚ್ಚಿ. ದಪ್ಪ ತಳದ ಬಾಣಲೆಗೆ ಎರಡು ದೊಡ್ಡ ಚಮಚ ಆಲಿವ್ ಎಣ್ಣೆ, ಈರುಳ್ಳಿ, ಚಿಟಿಕೆ ಉಪ್ಪು ಹಾಕಿ ಸಣ್ಣ ಉರಿಯಲ್ಲಿ 20 ನಿಮಿಷ ಬಿಡಿ. ಆಗಾಗ ಕೈಯಾಡಿಸಿ. ಇಲ್ಲಿ ಅವಸರ ಮಾಡಲೇಬೇಡಿ, ಉರಿ ಜಾಸ್ತಿ ಮಾಡಿದರೆ ಸೀದು ಇನ್ನಷ್ಟು ಕಹಿಯಾಗುತ್ತದೆ. ಅದು ಮೆತ್ತಗಾಗಿ ಹೊಂಬಣ್ಣಕ್ಕೆ ಬಂದಾಗ ಜಜ್ಜಿದ ಬೆಳ್ಳುಳ್ಳಿ ಮೂರು ಎಸಳು, ಆಮೇಲೆ ಬೀನ್ಸ್, ಹೀರೇಕಾಯಿ, ಕೊನೆಗೆ ಒಂದು ಟೊಮೆಟೊ. ಇಟಲಿಯವರು ಜುಕಿನಿ ಹಾಕುವ ಕಡೆ ಎಳೆ ಹೀರೇಕಾಯಿ ಚೆನ್ನಾಗಿ ಹೊಂದುತ್ತದೆ, ಜುಕಿನಿ ಹುಡುಕಿಕೊಂಡು ಹೋಗಬೇಡಿ. ಮೊಗೆಕಾಯಿ (ಮಂಗಳೂರು ಸೌತೆ) ಮಾತ್ರ ಬೇಡ, ನೀರು ಬಿಟ್ಟು ಎಲ್ಲ ಸಪ್ಪೆಯಾಗುತ್ತದೆ.

ಇನ್ನೊಂದು ಒಲೆಯಲ್ಲಿ 2 ಲೀಟರ್ ನೀರು ಕುದಿಸಿ, ಎರಡು ಟೀ ಚಮಚ ಉಪ್ಪು ಹಾಕಿ, 160 ಗ್ರಾಂ ಪಾಸ್ತಾ ಹಾಕಿ. ನೀರಿಗೆ ಎಣ್ಣೆ ಬೇಡ. ಪ್ಯಾಕೆಟ್ ಮೇಲಿನ ಸಮಯಕ್ಕಿಂತ 2 ನಿಮಿಷ ಮೊದಲೇ ಒಂದು ತುಂಡು ಕಚ್ಚಿ ನೋಡಿ, ನಡುವೆ ಸ್ವಲ್ಪ ಗಟ್ಟಿ ಇದ್ದರೆ ಅದೇ ಹದ. ತೌಡು ಇರುವುದರಿಂದ ಗೋಧಿಯ ಅಂಟು ಅಷ್ಟು ಬಿಗಿಯಾಗಿ ಹಿಡಿದಿರುವುದಿಲ್ಲ, ಹದ ಮೀರಿದರೆ ಬೇಗ ಮುದ್ದೆಯಾಗುತ್ತದೆ.

ಬಸಿಯುವ ಮೊದಲು ಒಂದು ಲೋಟ ನೀರು ತೆಗೆದಿಡಿ, ಮರೆಯಬೇಡಿ. ಶ್ಯಾವಿಗೆಗೆ ಮಾಡುವ ಹಾಗೆ ತಣ್ಣೀರು ಸುರಿಯಬೇಡಿ. ಮೊದಲ ಸಲ ನಾನು ತಣ್ಣೀರು ಸುರಿದು ಹಿಟ್ಟಿನ ಅಂಶ ಎಲ್ಲ ತೊಳೆದುಹೋಗಿತ್ತು, ಎಣ್ಣೆ ಬೇರೆ, ಪಾಸ್ತಾ ಬೇರೆಯಾಗಿ ನಿಂತಿತ್ತು. ಬಸಿದ ಪಾಸ್ತಾವನ್ನು ನೇರ ಬಾಣಲೆಗೆ ಹಾಕಿ, ತೆಗೆದಿಟ್ಟ ನೀರು ಅರ್ಧ ಲೋಟ ಹಾಕಿ, ದೊಡ್ಡ ಉರಿಯಲ್ಲಿ ಒಂದೆರಡು ನಿಮಿಷ ಮಗುಚಿ. ಆ ಹಿಟ್ಟಿನ ನೀರು ಎಣ್ಣೆಯ ಜೊತೆ ಸೇರಿ ದಪ್ಪಗಾಗಿ ಪಾಸ್ತಾಗೆ ಹಿಡಿದುಕೊಳ್ಳುತ್ತದೆ. ಕ್ರೀಮ್, ಸಾಸ್ ಯಾವುದೂ ಬೇಕಾಗುವುದಿಲ್ಲ.

ಮೇಲಿಂದ ಶಿರಸಿ ಕಡೆಯ ಕಾಳುಮೆಣಸು ಕುಟ್ಟಿ ಹಾಕಿ. ಇಟಲಿಯವರು ಪರಿಮಳಕ್ಕೆ ಹಾಕುವ ಬೇಸಿಲ್ ಎಲೆ ಎಲ್ಲಿ ಸಿಗುತ್ತದೆ ಅನ್ನುವ ಚಿಂತೆ ಬೇಡ, ನಮ್ಮ ಕಾಮಕಸ್ತೂರಿಯೂ ಅದೇ ಜಾತಿಯ ಗಿಡ, ವಾಸನೆ ತುಸು ಖಾರ ಅಷ್ಟೇ. ನಾಲ್ಕೈದು ಎಲೆ ಒಲೆ ಆರಿಸಿದ ಮೇಲೆ ಹರಿದು ಹಾಕಿ.

ಸಿಹಿ ಈರುಳ್ಳಿ ಮುಗಿದ ಮೇಲೆ ಮಳೆಗಾಲದಲ್ಲಿ ನಾನು ಸಿಹಿಗುಂಬಳದ ಸಣ್ಣ ತುಂಡು ಹಾಕುತ್ತೇನೆ, ಅದರ ಸಿಹಿಯೂ ಸಾಕಾಗುತ್ತದೆ. ಇಟ್ಟಷ್ಟೂ ಪಾಸ್ತಾ ನೀರು ಹೀರಿ ಒಣಗುತ್ತದೆ, ಅದಕ್ಕೆ ಬಸಿಯುವ ಮೊದಲೇ ಮನೆಯವರನ್ನು ಊಟಕ್ಕೆ ಕೂರಿಸಿಬಿಡಿ.