ಮೈ ಸೊರಗಿದೆ, ಲಿವರ್‌ನಲ್ಲಿ ಕೊಬ್ಬು ಹೇಗೆ ಬಂತು?

ಪ್ರಶ್ನೆ: ತಂದೆಗೆ 62 ವರ್ಷ. ಎಂಟು ತಿಂಗಳ ಹಿಂದೆ ಮೇದೋಜ್ಜೀರಕ ಗ್ರಂಥಿಯ ಗಡ್ಡೆಗೆ ವಿಪ್ಪಲ್ ಆಪರೇಷನ್ (ಗ್ರಂಥಿಯ ತಲೆಭಾಗ ತೆಗೆಯುವುದು) ಆಯಿತು. 64 ಕೆ.ಜಿ. ಇದ್ದವರು 52ಕ್ಕೆ ಇಳಿದಿದ್ದಾರೆ. ಕುಡಿತ ಇಲ್ಲ. ಆದರೂ ಸ್ಕ್ಯಾನಿಂಗ್‌ನಲ್ಲಿ ಫ್ಯಾಟಿ ಲಿವರ್ ಎಂದು ಬಂದಿದೆ. ಮಲ ಜಿಡ್ಡಾಗಿ ತೇಲುತ್ತದೆ, ಎರಡು ಬಕೆಟ್ ನೀರು ಸುರಿದರೂ ಹೋಗುವುದಿಲ್ಲ. 25,000 ಯುನಿಟ್‌ನ ಎನ್‌ಜೈಮ್ (ಜೀರ್ಣರಸದ) ಕ್ಯಾಪ್ಸೂಲ್ ದಿನಕ್ಕೊಂದು, ರಾತ್ರಿ ಊಟವಾದ ಮೇಲೆ ಕೊಡುತ್ತಿದ್ದೇವೆ. ತೆಂಗಿನಕಾಯಿ, ಮೀನು ನಿಲ್ಲಿಸಿ ಬರೀ ಗಂಜಿ ಹಾಕುತ್ತಿದ್ದೇವೆ. ಸರಿಯೇ? – ಓದುಗರು, ಕುಮಟಾ

ಉತ್ತರ: ಮೀನು ನಿಲ್ಲಿಸಿದ್ದು ತಪ್ಪಾಯಿತು. ಇದು ಹೆಚ್ಚು ತಿಂದು ಬಂದ ಕೊಬ್ಬಲ್ಲ, ತಿಂದದ್ದು ಮೈಗೆ ಹತ್ತದೆ ಬಂದದ್ದು. ಲಿವರ್ ತನ್ನಲ್ಲಿರುವ ಕೊಬ್ಬನ್ನು ಪ್ರೋಟೀನಿನ ಜೊತೆ ಕಟ್ಟಿ ರಕ್ತಕ್ಕೆ ಕಳಿಸುತ್ತದೆ. ಮೇದೋಜ್ಜೀರಕದ ಜೀರ್ಣರಸ ಸಾಲದೆ ಪ್ರೋಟೀನ್, ಕೋಲೀನ್ (ಕೊಬ್ಬು ಕಟ್ಟಲು ಬೇಕಾದ ಪೋಷಕಾಂಶ) ಮಲದಲ್ಲೇ ಹೋದರೆ ಕಟ್ಟಲು ಸಾಮಾನಿಲ್ಲ, ಕೊಬ್ಬು ಅಲ್ಲೇ ಉಳಿಯುತ್ತದೆ. ಕ್ವಾಶಿಯೋರ್ಕರ್ ಎಂಬ ಅಪೌಷ್ಟಿಕತೆಯ ಕಾಯಿಲೆ ಆದ ಮಗುವಿನ ಲಿವರ್‌ನಲ್ಲಿ ಕೊಬ್ಬು ತುಂಬುವುದೂ ಹೀಗೇ. ಗಂಜಿ-ಉಪ್ಪಿನಕಾಯಿ ಪಥ್ಯ ಈ ಕೊರತೆಯನ್ನು ಇನ್ನೂ ಹೆಚ್ಚಿಸುತ್ತದೆ.

ಮುಖ್ಯ ದೋಷ ಕ್ಯಾಪ್ಸೂಲಿನ ಲೆಕ್ಕದಲ್ಲಿದೆ. ಸಾಮಾನ್ಯವಾಗಿ ದೊಡ್ಡ ಊಟಕ್ಕೆ 40,000ರಿಂದ 50,000 ಯುನಿಟ್, ತಿಂಡಿಗೆ, ಹಾಲು ಕುಡಿದರೂ ಕೂಡ, 25,000 ಬೇಕು. ಎರಡು ಕ್ಯಾಪ್ಸೂಲ್ ಇದ್ದರೆ ಒಂದನ್ನು ಮೊದಲ ತುತ್ತಿಗೆ, ಇನ್ನೊಂದನ್ನು ಊಟದ ನಡುವೆ ನುಂಗಬೇಕು. ಊಟವಾದ ಮೇಲೆ ಕೊಟ್ಟರೆ ಅನ್ನ ಮುಂದೆ ಹೋಗಿರುತ್ತದೆ, ಎನ್‌ಜೈಮ್ ಹಿಂದೆ ಉಳಿಯುತ್ತದೆ. ಅಗಿಯಬಾರದು, ಬಿಸಿ ಕಷಾಯದೊಂದಿಗೆ ನುಂಗಬಾರದು. ನುಂಗಲಾಗದಿದ್ದರೆ ಬಿಚ್ಚಿ, ಕಾಳುಗಳನ್ನು ಒಂದು ಚಮಚ ಹಿಸುಕಿದ ಸೇಬಿನ ತಿರುಳಿನಲ್ಲಿ ಬೆರೆಸಿ ಕೂಡಲೇ ಕೊಡಿ, ಬಿಸಿ ಅನ್ನಕ್ಕೆ ಉದುರಿಸಬೇಡಿ. ಏಪ್ರಿಲ್-ಮೇ ಸೆಕೆಯಲ್ಲಿ ಡಬ್ಬಿ ಒಲೆಯ ಹತ್ತಿರದ ಶೆಲ್ಫಿನಲ್ಲಿದ್ದರೆ ಔಷಧ ಸತ್ವ ಕಳೆದುಕೊಳ್ಳುತ್ತದೆ. 25 ಡಿಗ್ರಿಯ ಒಳಗಿನ ಒಣ ಜಾಗ ಬೇಕು. ಪ್ರಮಾಣ ಏರಿಸುವುದು ವೈದ್ಯರ ಕೆಲಸ. ದಿನದ ಮಿತಿ ಕೆ.ಜಿ.ಗೆ 10,000 ಯುನಿಟ್, ಅಂದರೆ ನಿಮ್ಮ ತಂದೆಯವರಿಗೆ 5,20,000. ನೀವು ಅದರ ಹತ್ತಿರವೂ ಇಲ್ಲ. ಪ್ರಮಾಣ ಏರಿಸಿದರೂ ಜಿಡ್ಡು ನಿಲ್ಲದಿದ್ದರೆ ಆಮ್ಲ ಕಡಿಮೆ ಮಾಡುವ ಮಾತ್ರೆಯನ್ನು ಸೇರಿಸುವುದುಂಟು, ಏಕೆಂದರೆ ಆಮ್ಲ ಎನ್‌ಜೈಮನ್ನು ಕೆಡಿಸುತ್ತದೆ, ಅದನ್ನು ಇಳಿಸುವ ಕ್ಷಾರರಸವೂ ಮೇದೋಜ್ಜೀರಕ ಗ್ರಂಥಿಯಿಂದಲೇ ಬರಬೇಕಿತ್ತು.

ಪ್ರೋಟೀನ್ ಕೆ.ಜಿ.ಗೆ 1.2ರಿಂದ 1.5 ಗ್ರಾಂ, ಅಂದರೆ ದಿನಕ್ಕೆ 62-78 ಗ್ರಾಂ. 100 ಗ್ರಾಂ ಬಂಗಡೆಯಲ್ಲಿ ಸುಮಾರು 19 ಗ್ರಾಂ, ಮೊಟ್ಟೆಯಲ್ಲಿ 6. ಮೊಟ್ಟೆಯ ಹಳದಿಯಲ್ಲಿ ಕೋಲೀನೂ ಇದೆ. ಆರು ಸಣ್ಣ ಊಟ ಮಾಡಲಿ, ಸಾರಿಗೆ ಕಾಯಿ ಇರಲಿ, ಕರಿದದ್ದು ಸದ್ಯಕ್ಕೆ ಬೇಡ. ಎ, ಡಿ, ಇ, ಕೆ ವಿಟಮಿನ್ ಹಾಗೂ ಎಚ್‌ಬಿಎ1ಸಿ (ರಕ್ತದ ಸಕ್ಕರೆಯ ಮೂರು ತಿಂಗಳ ಸರಾಸರಿ) ಪರೀಕ್ಷೆ ಕೇಳಿ ಮಾಡಿಸಿ. ಸಕ್ಕರೆ ಕಾಯಿಲೆ ಈ ಆಪರೇಷನ್ ಆದ ಮೇಲೆ ಬರುವುದುಂಟು. ಚಳಿಜ್ವರ, ಕಣ್ಣು ಹಳದಿ ಕಂಡರೆ ಅದು ಫ್ಯಾಟಿ ಲಿವರ್ ಅಲ್ಲ, ಪಿತ್ತನಾಳದ ಸೋಂಕಿರಬಹುದು. ಅದೇ ದಿನ ಆಸ್ಪತ್ರೆಗೆ ಹೋಗಿ.

ಪ್ರಶ್ನೆ: ಈ ಎನ್‌ಜೈಮ್ ಕ್ಯಾಪ್ಸೂಲ್ ಹಂದಿಯದ್ದೆಂದು ತಿಳಿದು ಅಮ್ಮ ಬೇಡವೆನ್ನುತ್ತಿದ್ದಾರೆ. ಸಸ್ಯದ್ದು ಇಲ್ಲವೇ? – ಓದುಗರು, ಶಿರಸಿ

ಉತ್ತರ: ನಿಜ, ಹಂದಿಯ ಮೇದೋಜ್ಜೀರಕದಿಂದಲೇ ತೆಗೆದದ್ದು. ಶಿಲೀಂಧ್ರ, ಪಪ್ಪಾಯಿ ಮೂಲದ ಜೀರ್ಣದ ಮಾತ್ರೆಗಳು ಅಂಗಡಿಯಲ್ಲಿವೆ, ಆದರೆ ಕೊಬ್ಬು ಜೀರ್ಣಿಸುವಲ್ಲಿ ಇದಕ್ಕೆ ಸಮವಲ್ಲ. ನಿರ್ಧಾರ ಅಮ್ಮನದೇ. ವೈದ್ಯರಿಗೆ ಹೇಳದೆ ನಿಲ್ಲಿಸಬೇಡಿ, ಅಮ್ಮನಿಗೆ ತಿಳಿಯದಂತೆ ತುತ್ತಿನಲ್ಲಿ ಸೇರಿಸಲೂ ಬೇಡಿ.